ಅಧ್ಯಕ್ಷರಿಲ್ಲದ ಸಭೆ

ನಮ್ಮ ಕಡೆ ನಾಲ್ಕು ಜನ ಒಂದೆಡೆ ಸೇರಿದರೆಂದರೆ, ಐದನೆಯವರೊಬ್ಬರನ್ನು ಎಲ್ಲಿಂದಲಾದರೂ ಹುಡುಕಿ ತಂದು ನಡುವಿನ ಕುರ್ಚಿಯಲ್ಲಿ ಕೂರಿಸುವವರೆಗೆ ಆ ನಾಲ್ವರಿಗೂ ಸಮಾಧಾನವಿರುವುದಿಲ್ಲ. ನೀವೂ ಗಮನಿಸಿರುತ್ತೀರಿ. ಆ ಕುರ್ಚಿಯ ಬೆನ್ನು ಉಳಿದವುಗಳಿಗಿಂತ ಒಂದು ಗೇಣು ಎತ್ತರ, ಅದರ ಮೇಲೊಂದು ಟರ್ಕಿ ಟವೆಲು. ಆ ಟವೆಲಿನಿಂದ ಯಾರೂ ಏನನ್ನೂ ಒರೆಸಿಕೊಂಡದ್ದನ್ನು ನಾನು ಕಂಡಿಲ್ಲ. ಸ್ವಾಗತ ಭಾಷಣದವರು ಅವರನ್ನು ಸ್ವಾಗತಿಸಬೇಕು, ವಂದನಾರ್ಪಣೆಯವರು ವಂದಿಸಬೇಕು, ನಡುವೆ ಮಾತಾಡುವವರೆಲ್ಲ ಬಾಯಿ ತೆರೆಯುವ ಮುನ್ನ ಅವರತ್ತ ಒಮ್ಮೆ ತಲೆ ಬಾಗಿಸಬೇಕು. ಅವರಾದರೋ ನಿದ್ದೆಯೊಡನೆ ಸೆಣಸುತ್ತ ಕೂತಿದ್ದು, ಕಟ್ಟಕಡೆಗೆ ಎದ್ದು, ಎಲ್ಲರೂ ಎಲ್ಲವನ್ನೂ ಹೇಳಿಬಿಟ್ಟಿರುವುದರಿಂದ ತಾವು ಹೇಳುವುದೇನೂ ಉಳಿದಿಲ್ಲವೆಂದು ಆರಂಭಿಸಿ ಮುಕ್ಕಾಲು ಗಂಟೆ ಮಾತಾಡಬೇಕು. ಇಂಥ ಸನಾತನವಾದ ಅಧ್ಯಕ್ಷಸ್ಥಾನವನ್ನು ಅರಸೀಕೆರೆಯಲ್ಲಿ ಒಮ್ಮೆ ರದ್ದುಗೊಳಿಸಲಾಗಿತ್ತು. ರದ್ದುಗೊಳಿಸಿದವರಲ್ಲಿ ನಾನೂ ಒಬ್ಬಳು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವು ನಾಲ್ವರು ಅಂಚೆ ಶಿಕ್ಷಣದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಕಟ್ಟಿದ್ದೆವು. ಪಾಠಗಳು ಕಂದು ಲಕೋಟೆಯಲ್ಲಿ ಮನೆಗೇ ಬರುತ್ತಿದ್ದವು, ಅರ್ಥ ಮಾತ್ರ ಬರುತ್ತಿರಲಿಲ್ಲ. ಹೀಗಿರುವಾಗ ಒಂದು ಲಕೋಟೆಯಲ್ಲಿ ಅಧಿಕಾರವನ್ನು ಕುರಿತ ವಿಮರ್ಶಾತ್ಮಕ ಸಿದ್ಧಾಂತಗಳು ಬಂದವು. ಅಲ್ಲಿಯವರೆಗೆ ಅಧಿಕಾರವೆಂದರೆ ತಹಸೀಲ್ದಾರರ ಬಳಿ ಇರುವಂಥದ್ದು, ಸಂಜೆ ಐದೂವರೆಗೆ ಅವರೊಡನೆ ಜೀಪು ಹತ್ತಿ ಹೋಗುವಂಥದ್ದು ಎಂದು ತಿಳಿದಿದ್ದ ನಮಗೆ, ಅದು ಯಾರ ಕೈಯಲ್ಲೂ ಇರುವುದಿಲ್ಲ, ಎಲ್ಲ ಕಡೆಯೂ ಹರಿದಾಡುತ್ತಿರುತ್ತದೆ, ಶಾಲೆಯ ಗಂಟೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಯಾರು ಎಲ್ಲಿ ಕೂರುತ್ತಾರೆ ಎಂಬುದರಲ್ಲಿ, ಕೊನೆಗೆ ನಾವು ನಮ್ಮ ಸ್ವಂತ ಇಷ್ಟವೆಂದು ತಿಳಿದದ್ದರಲ್ಲೂ ಇರುತ್ತದೆ ಎಂದು ಗೊತ್ತಾದದ್ದು ಆಗಲೇ. ವೈದ್ಯಕೀಯ ಪುಸ್ತಕ ಓದಿದವನಿಗೆ ಸಕಲ ರೋಗಗಳೂ ತನಗೇ ಇವೆಯೆನ್ನಿಸುತ್ತದಂತೆ. ನಮಗೂ ಹಾಗೇ ಆಯಿತು.

ಎಲ್ಲರಿಗಿಂತ ಹೆಚ್ಚು ಸೋಂಕು ತಗುಲಿದ್ದು ಹಳೇಬೀಡಿನ ಮೂರ್ತಿಗೆ. ತನ್ನೂರಿನ ದೇವಸ್ಥಾನದ ಗೋಡೆಯಲ್ಲಿ ಆನೆಗಳು ಕೆಳಗಿನ ಸಾಲಿನಲ್ಲೂ ದೇವರುಗಳು ಮೇಲಿನ ಸಾಲಿನಲ್ಲೂ ಇರುವುದನ್ನು ಹುಟ್ಟಿದಾಗಿನಿಂದ ನೋಡಿದ್ದವನು, ಈಗ ಆನೆಗಳ ಪರವಾಗಿ ಕಣ್ಣು ಕೆಂಪಗೆ ಮಾಡಿಕೊಳ್ಳತೊಡಗಿದ. ಒಮ್ಮೆ ಎಲ್ಲರೂ ಬೇಲೂರಿಗೆ ಹೋಗಿದ್ದಾಗ ಗೈಡು, "ಎಲ್ಲ ಈ ಕಡೆ ನಿಂತ್ಕೊಳ್ಳಿ, ಮೇಲೆ ನೋಡಿ" ಎಂದರೆ ಇವನು ಪ್ರತಿರೋಧವೆಂದು ಆ ಕಡೆ ನಿಂತ. ಗೈಡಿನ ಟಾರ್ಚು ಬಿದ್ದದ್ದು ಈ ಕಡೆ. ನಾವೆಲ್ಲ ಚಾವಣಿಯ ಕೆತ್ತನೆ ನೋಡಿದೆವು, ಮೂರ್ತಿ ಕತ್ತಲೆಯನ್ನು ನೋಡಿದ. ಆದರೂ ಸ್ವತಂತ್ರವಾಗಿ ನೋಡಿದೆನೆಂದು ವಾಪಸು ಬರುವ ಬಸ್ಸಿನಲ್ಲಿ ಅವನಿಗೆ ಬಹಳ ತೃಪ್ತಿಯಿತ್ತು.

ಪ್ರತಿ ಭಾನುವಾರ ಅರಸೀಕೆರೆಯ ಗೌತಮನ ಮನೆಯಲ್ಲಿ ಸೇರಿ ಓದುವುದೆಂದು ಗೊತ್ತಾಯಿತು. ನಮ್ಮಲ್ಲಿ ಇಂಗ್ಲಿಷು ನೆಟ್ಟಗೆ ಬರುತ್ತಿದ್ದುದು ಅವನೊಬ್ಬನಿಗೆ; ಪಾಠವನ್ನು ಅವನು ಬಿಡಿಸಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನ ತಾಯಿ ಸರೋಜಮ್ಮ ನನಗೆ ಮಿಡ್ಲ್ ಸ್ಕೂಲಿನಲ್ಲಿ ಗಣಿತ ಕಲಿಸಿದ ಟೀಚರು. ಅವರ ಪಡಸಾಲೆಯಲ್ಲಿ ಬುದ್ಧನದೊಂದು ದೊಡ್ಡ ಪಟವಿತ್ತು, ಅದರ ಕೆಳಗೆ ಸಾಲಾಗಿ ಬೆತ್ತದ ಕುರ್ಚಿಗಳು. ನಾಲ್ಕನೆಯವನು ಕಣಕಟ್ಟೆಯ ತೆಂಗಿನ ತೋಟದ ಸಿದ್ದೇಶ. ಅವನು ಸಿದ್ಧಾಂತಕ್ಕೆ ಬರುತ್ತಿದ್ದನೋ ಟೀಚರ ಕೋಡುಬಳೆಗೆ ಬರುತ್ತಿದ್ದನೋ ಎಂದು ನನಗಿನ್ನೂ ಸಂದೇಹವಿದೆ.

ಮೊದಲನೆಯ ದಿನವೇ ಮೂರ್ತಿ ಎರಡು ನಿರ್ಣಯಗಳನ್ನು ಮಂಡಿಸಿದ. ಒಂದು, ಈ ಕೂಟಕ್ಕೆ ಅಧ್ಯಕ್ಷರಿರಕೂಡದು. ಎರಡು, ಎಲ್ಲರೂ ನೆಲದ ಮೇಲೆ ವೃತ್ತಾಕಾರವಾಗಿ ಕೂರಬೇಕು, ಏಕೆಂದರೆ ಕುರ್ಚಿಯೇ ಅಧಿಕಾರದ ಮೂಲ. ನಾನು ಉತ್ಸಾಹದಿಂದ ಕೈ ಎತ್ತಿದೆನೆಂದು ನನ್ನ ನೆನಪು. ಆ ದಿನದ ಡೈರಿಯಲ್ಲಿ "ಕೋಡುಬಳೆ ಗರಿಗರಿಯಾಗಿತ್ತು" ಎಂದಷ್ಟೇ ಇದೆ, ಕ್ರಾಂತಿಯ ಉಲ್ಲೇಖವಿಲ್ಲ. ಏನೇ ಆಗಲಿ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ, ಜಮಖಾನ ಹಾಸಿ, ಸಮಾನರಾಗಿ ಕೂತೆವು. ಅಷ್ಟರಲ್ಲಿ ಸರೋಜಮ್ಮ ಟೀಚರು ಒಳಗಿನಿಂದ ಬಂದರು.

"ಏಳ್ರಪ್ಪ ಎಲ್ಲಾ."

ಎದ್ದೆವು. ಅಧಿಕಾರವನ್ನು ಬುಡಸಹಿತ ಕೀಳಲು ಕೂತಿದ್ದ ನಾಲ್ವರೂ ಒಂದೇ ಮಾತಿಗೆ, ಹಾಜರಿಗೆ ಎದ್ದ ಮಕ್ಕಳ ಹಾಗೆ ಎದ್ದೆವು.

ಮೂರ್ತಿ, "ಮೇಡಂ, ಇದು ಸಮಾನತೆಗೋಸ್ಕರ" ಎಂದ.

"ನಮ್ಮ ಮಾವನೋರು ಜೀವಮಾನವೆಲ್ಲ ಸಭೇಲಿ ನೆಲದ ಮೇಲೆ ಕೂತ್ರು. ಅದೂ ಬಾಗಿಲಾಚೆ. ಈ ಕುರ್ಚಿ ನಾನು ಮೊದಲನೇ ಸಂಬಳದಲ್ಲಿ ತಂದಿದ್ದು. ನಿಮಗೆ ಸಮಾನತೆ ಬೇಕಾದ್ರೆ ಎಲ್ರೂ ಮೇಲೆ ಕೂತ್ಕೊಂಡು ಮಾಡಿ."

ಎಲ್ಲರೂ ಮೇಲೆ ಕೂತೆವು. ಗೌತಮ ಮಾತ್ರ ನಗುವನ್ನು ತಡೆದುಕೊಳ್ಳಲು ಪುಸ್ತಕವನ್ನು ಮುಖಕ್ಕೆ ಹಿಡಿದಿದ್ದ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕುರ್ಚಿಗಳಿದ್ದವು, ಹಾಗಾಗಿಯೇ ನೆಲದ ಮೇಲೆ ಕೂರುವುದು ನನಗೊಂದು ವಿಚಾರವಾಗಿ ಕಂಡಿತೆಂದು ಅಂದು ಹೊಳೆಯಿತೆ? ಹೊಳೆಯಿತೆಂದು ಬರೆಯಲು ಆಸೆಯಾಗುತ್ತದೆ. ಬಹುಶಃ ಆಮೇಲೆ ಎಂದೋ ಹೊಳೆದದ್ದನ್ನು ಹಿಂದಕ್ಕೆ ತಳ್ಳುತ್ತಿದ್ದೇನೆ.

ಎರಡನೆಯ ನಿರ್ಣಯ ಹೀಗೆ ಬಿದ್ದುಹೋದರೂ ಮೊದಲನೆಯದು ಉಳಿಯಿತು. ಅಧ್ಯಕ್ಷರಿಲ್ಲದ ಸಭೆಯನ್ನು ಆರಂಭಿಸುವುದು ಸುಲಭ, ಮುಗಿಸುವುದು ಅಸಾಧ್ಯವೆಂದು ಅನುಭವದಿಂದ ತಿಳಿಯಿತು. "ಇಲ್ಲಿಗೆ ಸಾಕು" ಎಂದು ಹೇಳುವುದೇ ಅಧಿಕಾರ ಚಲಾವಣೆಯಲ್ಲವೆ? ಯಾರೂ ಹೇಳಲಿಲ್ಲ. ಸಿದ್ದೇಶ ಕಣಕಟ್ಟೆಯ ಕೊನೆಯ ಬಸ್ಸು ತಪ್ಪಿಸಿಕೊಂಡು ಗೌತಮನ ಮನೆಯಲ್ಲೇ ಮಲಗಿದ. ನಾನು ಹೊತ್ತು ಮುಳುಗಿದ ಮೇಲೆ ಮನೆ ಸೇರಿದೆ.

ನಮ್ಮ ತಂದೆ ಮಲ್ಲಣ್ಣನವರು ಕೊಬ್ಬರಿ ವ್ಯಾಪಾರಿಗಳು. ಹಣೆಯ ತುಂಬ ವಿಭೂತಿ, ಬಾಯ ತುಂಬ ಶಾಂತಿ, ಊರಿನ ಸಂಘಗಳಿಗೆಲ್ಲ ಉಪಾಧ್ಯಕ್ಷರು. ವರ್ತಕರ ಸಂಘಕ್ಕೆ, ಮಠದ ದಾಸೋಹ ಸಮಿತಿಗೆ, ಗಣಪತಿ ಮಂಡಳಿಗೆ, ಎಲ್ಲದಕ್ಕೂ ಉಪ. ಆಮಂತ್ರಣ ಪತ್ರಿಕೆಗಳಲ್ಲಿ ಅವರ ಹೆಸರು ಸದಾ "ಉಪಸ್ಥಿತಿ" ಎಂಬುದರ ಕೆಳಗೇ ಬರುತ್ತಿತ್ತು. ಅಂದು ಅವರು ಬಾಗಿಲಲ್ಲೇ ನಿಂತಿದ್ದರು.

"ಇಷ್ಟೊತ್ತಾಯ್ತಲ್ಲವ್ವ, ನಿಮ್ಮ ಸಭೆಗೆ ಅಧ್ಯಕ್ಷರು ಯಾರು?"

"ಯಾರೂ ಇಲ್ಲ ಅಪ್ಪಾಜಿ."

"ಅಧ್ಯಕ್ಷರಿಲ್ದೆ ಅದೆಂಥಾ ಸಭೆ? ಅದು ಗುಂಪು ಕಣವ್ವ. ಟೀಚರ್ ಮನೆ ಅಂತ ಒಪ್ಪಿದ್ದೆ. ಗುಂಪಿಗೆಲ್ಲ ಹೆಣ್ಮಗಳನ್ನ ಕಳ್ಸೋಕಾಯ್ತದಾ? ಬರೋ ಭಾನುವಾರ ನಾನೇ ಬತ್ತೀನಿ. ಅಧ್ಯಕ್ಷರಿದ್ರೆ ಸರಿ. ಇಲ್ಲಾಂದ್ರೆ ಮನೇಲೇ ಓದ್ಕೊ."

ಮನೆಯಲ್ಲಿ ಓದುವುದೆಂದರೆ ಒಂದು ಪುಟಕ್ಕೆ ಇಬ್ಬರು ನೆಂಟರು. ಗೌತಮನಿಲ್ಲದೆ ನಾನು ಪಾಸಾಗುವಂತಿರಲಿಲ್ಲ. ಈ ಸಲ ಪಾಸಾಗದಿದ್ದರೆ ಓದು ನಿಲ್ಲಿಸಿ ಗಂಡು ನೋಡುವುದೆಂದು ಮನೆಯಲ್ಲಿ ಒಪ್ಪಂದವಾಗಿತ್ತು. ಅಧಿಕಾರದ ಸಿದ್ಧಾಂತವನ್ನು ಓದಲು ನನಗೆ ತುರ್ತಾಗಿ ಒಬ್ಬ ಅಧಿಕಾರಸ್ಥರು ಬೇಕಾಗಿದ್ದರು.

ಮುಂದಿನ ಭಾನುವಾರ ವಿಷಯವನ್ನು ಕೂಟದ ಮುಂದಿಟ್ಟೆ.

ಮೂರ್ತಿ ಕುರ್ಚಿಯಿಂದೆದ್ದ. "ತತ್ತ್ವದ ಪ್ರಶ್ನೆ ಇದು. ಬೇಕಿದ್ರೆ ಹತ್ತು ನಿಮಿಷಕ್ಕೊಬ್ಬರು ಅಧ್ಯಕ್ಷರಾಗೋಣ. ಅಧ್ಯಕ್ಷರು ಬೇಕಿಲ್ಲ ಅನ್ನೋದನ್ನ ಅಧ್ಯಕ್ಷರ ಮೂಲಕವೇ ತೋರಿಸಬಹುದು."

"ಅವ್ರು ಬಾಗಿಲಿಗೆ ಬಂದಾಗ ಯಾರ್ ಪಾಳಿ ಐತೆ ಅಂತ ಗಡಿಯಾರ ನೋಡ್ಕಂಡು ಕೂತ್ಕೊಳ್ಳಾನೇನ್ಲಾ?" ಎಂದ ಸಿದ್ದೇಶ. "ಸುಮ್ಕೆ ನೀನೇ ಆಗು."

"ನಾನಾ? ನಾನು ಹೆಂಗಾಗ್ಲಿ? ರದ್ದು ಮಾಡಿದವನೇ ನಾನು!"

"ಅದಕ್ಕೇ ಕಣ್ಲಾ, ನಿಂಗೇ ಜಾಸ್ತಿ ಆಸೆ ಇರೋದು."

ಚರ್ಚೆ ಜಗಳದ ಹಂತಕ್ಕೆ ಬರುತ್ತಿದ್ದಾಗ ಗೇಟಿನ ಸದ್ದಾಯಿತು. ಅಪ್ಪ ಬಂದೇಬಿಟ್ಟಿದ್ದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಬಾಳೆಯೆಲೆಯ ಪೊಟ್ಟಣ. ಸಭೆಗೆ ಬರಿಗೈಯಲ್ಲಿ ಹೋಗಬಾರದೆಂದು ಹಾರ ತಂದಿದ್ದರು.

"ಅಧ್ಯಕ್ಷರು ಯಾರಪ್ಪ?"

ಪೊಟ್ಟಣದೊಳಗಿಂದ ಸುಗಂಧರಾಜದ ವಾಸನೆ ಬರುತ್ತಿತ್ತು. ಮೂರ್ತಿ ನನ್ನನ್ನು ನೋಡಿದ, ನಾನು ಸಿದ್ದೇಶನನ್ನು ನೋಡಿದೆ, ಸಿದ್ದೇಶ ಒಳಮನೆಯ ಕಡೆ ನೋಡಿದ. ಗೌತಮ ಎದ್ದು, ನಡುವಿನ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, "ನೀವೇ ಸಾರ್. ನಿಮಗೋಸ್ಕರವೇ ಕಾಯ್ತಿದ್ವಿ" ಎಂದ.

ಮೂರ್ತಿ ಬಾಯಿ ತೆರೆದ. ಸಿದ್ದೇಶ ಅವನ ಕಾಲು ತುಳಿದ.

ಅಪ್ಪ ಒಂದು ಕ್ಷಣ ಬೆಪ್ಪಾದರು. "ಅಧ್ಯಕ್ಷಾನಾ? ಉಪ ಅಲ್ವಾ?" ಎಂದು ಕೇಳಿಯೇ ಬಿಟ್ಟರು. ಹಾರವನ್ನು ತಮಗೆ ತಾವೇ ಹಾಕಿಕೊಳ್ಳುವಂತಿರಲಿಲ್ಲವಾಗಿ ಸಿದ್ದೇಶ ಅದನ್ನು ಅವರ ಕೈಯಿಂದ ತೆಗೆದುಕೊಂಡು ಅವರಿಗೇ ಹಾಕಿದ. ನಾವು ಚಪ್ಪಾಳೆ ತಟ್ಟಿದೆವು. ಕೊನೆಗೆ ಮೂರ್ತಿಯೂ ತಟ್ಟಿದ, ಆದರೆ ವಿಮರ್ಶಾತ್ಮಕವಾಗಿ. ಗೌತಮ ಅಂದಿನ ಪಾಠವನ್ನು ವಿವರಿಸಿ, ಅಧಿಕಾರವೆಂಬುದು ಯಾರ ಬಳಿಯೂ ಇರುವುದಿಲ್ಲ ಎಂದಾಗ ಅಪ್ಪ ಗಂಭೀರವಾಗಿ ತಲೆದೂಗಿದರು. "ಇದು ಉಪಾಧ್ಯಕ್ಷರಿಗೆಲ್ಲ ಮೊದ್ಲಿಂದ ಗೊತ್ತಿರೋದೇ ಕಣಪ್ಪ."

ಗೆದ್ದೆನೆಂದುಕೊಂಡೆ. ಆಗ ಟೀಚರು ತಟ್ಟೆಯಲ್ಲಿ ಕಾಫಿ ಲೋಟಗಳನ್ನು ತಂದರು.

ಅಪ್ಪನ ಬಳಿ ಒಂದು ಮಾತಿತ್ತು: "ಈಗ್ತಾನೆ ಆಯ್ತು." ಕೆಲವು ಮನೆಗಳಲ್ಲಿ ಕಾಫಿ ಬಂದೊಡನೆ ಬಹು ವಿನಯದಿಂದ ಅದನ್ನು ಹೇಳುತ್ತಿದ್ದರು. ಯಾವ ಜಾತಿಯವರ ಮನೆಗಳು ಎಂದು ಅವರೂ ಹೇಳಿದವರಲ್ಲ, ನಾವೂ ಕೇಳಿದವರಲ್ಲ, ಎಲ್ಲರಿಗೂ ಗೊತ್ತಿತ್ತು. ನಮ್ಮ ಪಾಠದ ಕಟ್ಟು ಪುಟಗಟ್ಟಲೆ ಹೇಳಲು ಒದ್ದಾಡಿದ್ದೆಲ್ಲ ಆ ಎರಡು ಪದಗಳಲ್ಲಿತ್ತು. ಈ ಪಡಸಾಲೆಯಲ್ಲಿ, ಈ ಟೀಚರ ಎದುರು ಅಪ್ಪ ಅದನ್ನು ಹೇಳಿದರೆ, ಅವರು ಕಳಿಸಿದರೂ ಮತ್ತೆ ಇಲ್ಲಿಗೆ ಬರಲು ನನಗೆ ಮುಖವಿರುತ್ತಿರಲಿಲ್ಲ.

ಟೀಚರು ತಟ್ಟೆ ಹಿಡಿದು ನಿಂತರು. ಅಪ್ಪನ ಬಾಯಿ ಅಭ್ಯಾಸಬಲದಿಂದ ತೆರೆಯಿತು. "ಈಗ್ತಾ..."

"ಅಧ್ಯಕ್ಷರು ತಗಳ್ದೆ ನಾವು ಹೆಂಗೆ ತಗಳ್ಳೋದು ಸಾರ್?" ಎಂದ ಸಿದ್ದೇಶ. ಅವನ ಕಣ್ಣು ಲೋಟಗಳ ಪಕ್ಕದ ಕೋಡುಬಳೆಯ ಮೇಲಿತ್ತು. "ಬೇಗ ಮಾಡಿ, ತಣ್ಣಗಾಯ್ತದೆ."

ಅಪ್ಪ ನಮ್ಮನ್ನೆಲ್ಲ ಒಮ್ಮೆ ನೋಡಿದರು. ನಿಜಕ್ಕೂ ಯಾರೂ ಕೈ ಚಾಚಿರಲಿಲ್ಲ. ಜೀವಮಾನವೆಲ್ಲ ಅಧ್ಯಕ್ಷರು ಮುಟ್ಟಲೆಂದು ತಾವು ಕಾದಿದ್ದಂತೆಯೇ ನಾಲ್ವರು ಕಾದಿದ್ದೆವು. ಅವರು ಲೋಟ ತೆಗೆದುಕೊಂಡರು. ನನ್ನ ನೆನಪಿನಲ್ಲಿ ಆ ಲೋಟ ಎದೆಗೂ ತುಟಿಗೂ ನಡುವೆ ಬಹಳ ಹೊತ್ತು ನಿಂತಿದೆ. ನೆನಪನ್ನು ನಾನು ನಂಬುವುದಿಲ್ಲ, ಕಾಫಿ ಬಿಸಿಯಿದ್ದಿರಲೂಬಹುದು. ಕುಡಿದರು.

"ಟೀಚರ್, ಸಕ್ಕರೆ ಒಂಚೂರು ಕಮ್ಮಿ ಆಯ್ತು" ಎಂದರು, ಅಧ್ಯಕ್ಷರ ಗತ್ತಿನಲ್ಲಿ.

"ಎಲ್ರಿಗೂ ಅಷ್ಟೇ ಹಾಕಿದೀನಿ ಮಲ್ಲಣ್ಣೋರೆ. ತಳದಲ್ಲಿದೆ, ಕಲಕ್ಕೊಳ್ಳಿ."

ಚಮಚ ಇರಲಿಲ್ಲ. ಅಪ್ಪ ಹಾರ ಅಡ್ಡ ಬಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಲೋಟವನ್ನು ಗರಗರ ತಿರುಗಿಸಿ, ಪೂರ್ತಿ ಕುಡಿದು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು:

"ಮುಂದಿನ ಭಾನುವಾರ ನಾವು ಎಷ್ಟೊತ್ತಿಗೆ ಬರ್ಬೇಕವ್ವ?"