ನಮ್ಮನೆಯವರ ಲಾರಿಗೆ ಗ್ರಾಫಿಕ್ಸ್ ಕಾರ್ಡು

ನಮ್ಮನೆಯವರು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದರು. ಬೂದಿಕೋಟೆ ಸುತ್ತಮುತ್ತಲಿನ ಊರುಗಳ ಡೈರಿಗಳಲ್ಲಿ ಹಾಲು ತುಂಬಿಸಿಕೊಂಡು, ಬಂಗಾರಪೇಟೆ ದಾಟಿ ಕೋಲಾರದ ಕಡೆ ಹೋಗಿ ಇಳಿಸಿ ಬರುವ ಕೆಲಸ. ನಾನು ನಮ್ಮೂರಿನ ಡೈರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಹಾಲಿನ ಡಿಗ್ರಿ ನೋಡಿ ಕಂಪ್ಯೂಟರಿಗೆ ಹಾಕುವುದು, ಚೀಟಿ ಹರಿದು ಕೊಡುವುದು ನನ್ನ ಕೆಲಸ. ಮದುವೆಯಾದ ಮೇಲೂ ಎಷ್ಟೋ ವರ್ಷ ನಾವಿಬ್ಬರು ಹಗಲು ಹೊತ್ತಿನಲ್ಲಿ ಮಾತಾಡುತ್ತಿದ್ದದ್ದು ಅವರು ಟ್ಯಾಂಕರಿನ ಪೈಪು ಹಾಕಿ ಕಾಯುವ ಆ ಸ್ವಲ್ಪ ಹೊತ್ತು ಮಾತ್ರ.

ಒಂದು ಸಲ ಮನೆಯಲ್ಲಿ ಮೇವು ಕತ್ತರಿಸುವಾಗ ಮಷೀನಿನಿಂದ ಮುಸುಕಿನ ಜೋಳದ ದಂಟಿನ ಚೂರೊಂದು ಹಾರಿ ಅವರ ಎಡಗಣ್ಣಿಗೆ ಬಡಿಯಿತು. ನೀರು ಎರಚಿಕೊಂಡು ಡ್ಯೂಟಿಗೆ ಹೋದರು. ಕಣ್ಣು ಕೆಂಪಾದಾಗ ಮೆಡಿಕಲ್ ಸ್ಟೋರಿನ ಡ್ರಾಪ್ಸ್ ಹಾಕಿಕೊಂಡರು. ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣಿಸಿಕೊಂಡ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಅಷ್ಟರಲ್ಲಿ ಸೋಂಕು ಒಳಗೆ ಇಳಿದಿತ್ತು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ದೊಡ್ಡ ಗಾಡಿಯ ಲೈಸೆನ್ಸು ಮತ್ತೆ ಸಿಗುವುದಿಲ್ಲ ಅಂತ ಗೊತ್ತಾದ ದಿನ ಅವರು ಹಸುಗಳನ್ನು ಹೊಡೆದುಕೊಂಡು ಕೆರೆ ಕಡೆಗೆ ಹೋದರು.

ಒಂದು ಕಣ್ಣಿನವರಿಗೆ ಯಾವುದು ಹತ್ತಿರ, ಯಾವುದು ದೂರ ಅನ್ನುವುದು ಸರಿಯಾಗಿ ತಿಳಿಯುವುದಿಲ್ಲ. ಅದು ನನಗೆ ಆಸ್ಪತ್ರೆಯಲ್ಲಿ ಹೇಳಿದಾಗ ಅರ್ಥವಾಗಿರಲಿಲ್ಲ, ಮನೆಗೆ ಬಂದ ಮೇಲೆ ಆಯಿತು. ಕ್ಯಾನಿನಿಂದ ಪಾತ್ರೆಗೆ ಹಾಲು ಬಗ್ಗಿಸಿದರೆ ಪಾತ್ರೆಯ ಅಂಚಿನ ಆಚೆ ಬೀಳುತ್ತಿತ್ತು. ಬಾಗಿಲ ಚೌಕಟ್ಟಿಗೆ ಭುಜ ತಾಕುತ್ತಿತ್ತು. ನಾನು ಸಹಾಯಕ್ಕೆ ಕೈ ಚಾಚಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹಾಗಾಗಿ ನೋಡಿಯೂ ನೋಡದ ಹಾಗೆ ಇರುವುದನ್ನು ಕಲಿತೆ. ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗಳು ಕೋಲಾರದ ಹಾಸ್ಟೆಲಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವಳು ಫೋನ್ ಮಾಡಿದಾಗ ಮಾತ್ರ ಅಪ್ಪನ ಬಾಯಿಂದ ನಾಲ್ಕು ಮಾತು ಹೊರಡುತ್ತಿದ್ದವು.

ಉರಿಗಾಂನಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆ. ಅವಳ ಮಗುವಿನ ನಾಮಕರಣಕ್ಕೆ ಹೋಗಿದ್ದೆವು. ಹಳೆಯ ಚಿನ್ನದ ಗಣಿ ಕಂಪನಿ ಕ್ವಾರ್ಟರ್ಸಿನ ಸಣ್ಣ ಮನೆ, ತುಂಬ ಜನ. ತಂಗಿಯ ಗಂಡ ನಮ್ಮನೆಯವರನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ತನ್ನ ಕಂಪ್ಯೂಟರಿನ ಮುಂದೆ ಕೂರಿಸಿದ. ಅದರಲ್ಲಿ ಲಾರಿ ಓಡಿಸುವ ಆಟವಿತ್ತು. ಊಟಕ್ಕೆ ಕರೆಯಲು ಹೋದವಳು ನಾನು ಬಾಗಿಲಲ್ಲೇ ನಿಂತೆ. ಪರದೆಯ ಮೇಲೆ ಒಂದು ಖಾಲಿ ರಸ್ತೆ. ಎದುರಿಗೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ. ಆದರೂ ತಿರುಗುವ ಮುಂಚೆ ಅವರು ಇಂಡಿಕೇಟರ್ ಹಾಕಿದರು. ಕೆಂಪು ದೀಪ ಬಂದರೆ ನಿಲ್ಲಿಸಿದರು. ಅವರ ಪಕ್ಕದಲ್ಲಿ ಕೂತಿದ್ದ ತಂಗಿಯ ಗಂಡ ನಗುತ್ತಾ, ಇದರಲ್ಲಿ ಯಾರೂ ದಂಡ ಹಾಕಲ್ಲ ಅಣ್ಣ, ನುಗ್ಗಿಸಿ ಅಂದ. ಇವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹಸಿರು ದೀಪಕ್ಕಾಗಿ ಕಾಯುತ್ತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರೇ ಮಾತು ತೆಗೆದರು.

"ಆ ರೋಡಲ್ಲಿ ಎಲ್ರಿಗೂ ಒಂದೇ ಕಣ್ಣು ಸಾಕು ಕಣೇ. ದೂರ ಅತ್ರ ಅಂತ ಏನೂ ಇಲ್ಲ. ಎಲ್ಲಾ ಗಾಜಿನ ಮೇಲೇ ಐತೆ."

ಆ ಆಟ ನಮ್ಮ ಮನೆಗೂ ಬರಬೇಕು ಅಂತ ನಾನು ಆಗಲೇ ತೀರ್ಮಾನ ಮಾಡಿಬಿಟ್ಟೆ.

ನಮ್ಮ ಡೈರಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದನ್ನು ಯಾರಾದರೂ ತೆಗೆದುಕೊಳ್ಳಬಹುದು ಅಂತ ಹರಾಜು ಹಾಕಿದಾಗ ನಾನೇ ಕೂಗಿ ತಂದೆ. ತೆಳ್ಳಗಿನ, ಗಿಡ್ಡ ಡಬ್ಬದ ಆಫೀಸು ಕಂಪ್ಯೂಟರು, ಚೌಕನೆಯ ಹಳೆಯ ಮಾನಿಟರು. ತಂಗಿಯ ಗಂಡ ಒಂದು ಭಾನುವಾರ ಬಂದು ಅದೇ ಆಟವನ್ನು ಹಾಕಿಕೊಟ್ಟ. ಆದರೆ ಲಾರಿ ಓಡಲಿಲ್ಲ. ಒಂದು ಕಡೆ ನಿಂತಿದ್ದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಇನ್ನೊಂದು ಕಡೆ ಇರುತ್ತಿತ್ತು, ಫೋಟೋ ಆದ ಮೇಲೆ ಫೋಟೋ ತೋರಿಸಿದ ಹಾಗೆ. ಬ್ರೇಕು ಒತ್ತಿದರೆ ಗುಂಡಿಗೆ ಬಿದ್ದ ಮೇಲೆ ಹಿಡಿಯುತ್ತಿತ್ತು. ಇದಕ್ಕೊಂದು ಗ್ರಾಫಿಕ್ಸ್ ಕಾರ್ಡು ಹಾಕಿಸಬೇಕು, ಚಿತ್ರ ಬರೆಯುವ ಕೆಲಸವೆಲ್ಲ ಅದರದ್ದೇ ಅಂತ ಹೇಳಿ ಅವನು ಹೊರಟುಹೋದ.

ನನ್ನ ಹತ್ತಿರ ಚೀಟಿ ಎತ್ತಿದ ದುಡ್ಡಿತ್ತು. ಬಂಗಾರಪೇಟೆ ಸ್ಟೇಷನ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿದ್ದವನು ಮಗ ಯಾವ ಗೇಮ್ ಆಡ್ತಾನೆ ಮೇಡಂ ಅಂತ ಕೇಳಿದ. ನಾನು ಲಾರಿದು ಅಂದೆ, ಅಷ್ಟೇ. ಇಟ್ಟಿಗೆಯಷ್ಟು ದಪ್ಪದ, ಫ್ಯಾನುಗಳಿದ್ದ ಕಾರ್ಡುಗಳ ಚಿತ್ರ ತೋರಿಸಿದ. ಆಮೇಲೆ ನಿಮ್ಮ ಪವರ್ ಸಪ್ಲೈ ಎಷ್ಟು ವಾಟ್ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ನೋಡಿಕೊಂಡು ಬರ್ತೀನಿ ಅಂತ ಹೇಳಿ ಬಂದೆ.

ಮನೆಗೆ ಬಂದು ಅವರಿಗೆ ಹೇಳಿದೆ. ಅವರೇ ಸ್ಕ್ರೂಡ್ರೈವರ್ ತಂದು ಡಬ್ಬದ ಮುಚ್ಚಳ ಬಿಚ್ಚಿದರು. ನಾನು ಟಾರ್ಚು ಹಿಡಿದೆ. ಒಳಗೆ ಧೂಳು, ಜೇಡರ ಬಲೆ. ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯೇ ಪವರ್ ಸಪ್ಲೈ; ಅದರ ಮೇಲಿನ ಚೀಟಿಯಲ್ಲಿದ್ದ ವಾಟ್ ಓದಿ, ನಾನು ಅಂಗಡಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಇದು ಬ್ಯಾಟರಿ ಇದ್ದ ಹಾಗೆ, ಕಾರ್ಡು ದೊಡ್ಡ ಹೆಡ್‌ಲೈಟು ಇದ್ದ ಹಾಗೆ. ಸಣ್ಣ ಬ್ಯಾಟರಿಗೆ ದೊಡ್ಡ ಲೈಟು ಕಟ್ಟಿದರೆ ವೈರು ಸುಡುತ್ತೆ ಅಂದರು. ನನ್ನ ಬಟ್ಟೆ ಅಳೆಯುವ ಟೇಪು ತಂದು ಒಳಗಿನ ಜಾಗ ಅಳೆದರು. ಇಟ್ಟಿಗೆಯಂಥ ಕಾರ್ಡು ಅಲ್ಲಿ ಮಲಗುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಹಾಲು ಕರೆಯುವಾಗಲೂ ಅದೇ ಮಾತು, ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಮಾತು. ಅವರು ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದರು. ಕಾರ್ಡಿಗೆ ಅದರದ್ದೇ ಮೆಮೊರಿ ಇರುತ್ತೆ, ಕೆಲವಕ್ಕೆ ಬೇರೆ ಪವರ್ ವೈರು ಬೇಕು, ಕೆಲವು ಬೋರ್ಡಿನಿಂದಲೇ ಕರೆಂಟು ಎಳೆದುಕೊಳ್ಳುತ್ತವೆ ಅಂತ ನನಗೆ ತಿಳಿಸಿ ಹೇಳುತ್ತಿದ್ದರು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಅವರ ದನಿ ಅಷ್ಟು ಹೊತ್ತು ಕೇಳಿಸಿದ್ದು ಆಗಲೇ.

ಮೊಬೈಲಿನಲ್ಲೇ ಅವರಿಗೊಂದು ಜಾಹೀರಾತು ಸಿಕ್ಕಿತು. ಉರಿಗಾಂ ಪಕ್ಕದ ಚಾಂಪಿಯನ್ ರೀಫ್ಸ್‌ನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ ಕಾರ್ಡು ಮಾರುತ್ತಿದ್ದರು. ಹೊಸ ಸಣ್ಣ ಕಾರ್ಡಿಗಿಂತ ಕಡಿಮೆ ಬೆಲೆ, ಮೆಮೊರಿ ಎರಡರಷ್ಟು. ಅದು ನಮ್ಮ ಡಬ್ಬಕ್ಕೆ ಹಿಡಿಸುವುದಿಲ್ಲ ಅಂತ ನನಗೆ ಅನ್ನಿಸಿತ್ತು, ಅವರಿಗೂ ಗೊತ್ತಿದ್ದಿರಬೇಕು. ಆದರೂ ಇಬ್ಬರೂ ಹೋದೆವು.

ಸಾಲು ಮನೆಗಳಲ್ಲಿ ಒಂದು ಮನೆ. ಮಾರುವವನಿಗೆ ಮೂವತ್ತರ ಮೇಲಿರಬಹುದು. ಅವನ ತಂದೆ ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಿಸುತ್ತಿದ್ದರು. ಮಗ ಕಾರ್ಡನ್ನು ತಂದು, ಮುಚ್ಚುಮರೆ ಇಲ್ಲದೆ ಹೇಳಿದ, ಇದು ಮೈನಿಂಗಿನಲ್ಲಿ ಓಡಿದ ಕಾರ್ಡು ಅಂತ.

ಮುದುಕರು ತಲೆಯೆತ್ತಿ ತಮಿಳಿನಲ್ಲಿ ಕೇಳಿದರು, ಯಾವ ಶಾಫ್ಟಿನಲ್ಲಿ, ಅಂದರೆ ಗಣಿಯ ಯಾವ ಬಾವಿಯಲ್ಲಿ ಅಂತ.

ಮಗ ನಗಲಿಲ್ಲ. ಇದು ನೆಲದಡಿಯದಲ್ಲಪ್ಪಾ, ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ಮಾಡಿ ಒಂಥರಾ ದುಡ್ಡು ಹುಟ್ಟಿಸ್ತಾರೆ, ಅದಕ್ಕೂ ಮೈನಿಂಗ್ ಅಂತಲೇ ಹೆಸರು, ಬೆಂಗಳೂರಿನಲ್ಲಿ ಒಂದು ರೂಮಿನಲ್ಲಿ ಇಂಥವು ತುಂಬಾ ಇದ್ದವು ಅಂತ ಬಿಡಿಸಿ ಹೇಳಿದ. ಮುದುಕರು, ಶಿಫ್ಟ್ ಮುಗಿದ ಮೇಲೆ ನಿಲ್ಲಿಸುತ್ತಿದ್ದರಾ ಅಂತ ಕೇಳಿದರು. ಇಲ್ಲ, ಹಗಲೂ ರಾತ್ರಿ ಅಂದ ಮಗ. ಅವರು ಕೈ ಚಾಚಿ ಕಾರ್ಡನ್ನು ಇಸಿದುಕೊಂಡು, ಫ್ಯಾನಿನ ರೆಕ್ಕೆಯ ಮೇಲೆ ಬೆರಳಾಡಿಸಿದರು.

"ಪಾವಂ," ಅಂದರು.

ನೊಗ ಹೊತ್ತು ಸೋತ ಎತ್ತನ್ನು ನೋಡಿ ನಮ್ಮ ಕಡೆ ಪಾಪ ಅನ್ನುವ ಹಾಗೆಯೇ.

ಒಳಗೆ ಅವನ ಕಂಪ್ಯೂಟರಿನಲ್ಲಿ ಕಾರ್ಡು ಹಾಕಿ ತೋರಿಸಿದ. ನಮ್ಮನೆಯವರು ಕೂತು ಓಡಿಸಿದರು. ಘಾಟಿ ರಸ್ತೆ, ಮಳೆ. ಗಾಜಿನ ಮೇಲೆ ಹನಿ ಬಿದ್ದು ಜಾರುತ್ತಿದ್ದವು, ವೈಪರ್ ಒರೆಸುತ್ತಿತ್ತು, ಮರದ ನೆರಳು ಬಾನೆಟ್ಟಿನ ಮೇಲೆ ಹರಿದುಹೋಗುತ್ತಿತ್ತು. ಅವರ ಮುಖ ನೋಡಿ ನನಗೆ ಭಯವಾಯಿತು, ಅದನ್ನು ಅವರು ಬಿಟ್ಟು ಬರುವುದಿಲ್ಲ ಅಂತ. ಆಮೇಲೆ ಆ ಮಾರುವವನೇ ನಮ್ಮ ಡಬ್ಬದ ವಿಷಯ ಕೇಳಿದ. ನಾನು ವಾಟ್ ಹೇಳಿದೆ. ಅವನು ತಲೆಯಾಡಿಸಿ, ನಿಮ್ಮದಕ್ಕೆ ಇದು ಆಗಲ್ಲ ಅಕ್ಕಾ, ಹಾಕಿದರೆ ಸಪ್ಲೈ ಹೋಗುತ್ತೆ ಅಂದ. ಸಪ್ಲೈನೂ ದೊಡ್ಡದು ಹಾಕಿಸೋಣ, ಡಬ್ಬಾನೂ ಬದಲಾಯಿಸೋಣ ಅಂದರು ಇವರು. ಅಷ್ಟಕ್ಕೆಲ್ಲ ನನ್ನ ಕೈಯಲ್ಲಿ ಆಗಲ್ಲ ಅಂದೆ. ಬೇರೆಯವರ ಮನೆಯಲ್ಲಿ, ಬೇರೆಯವರ ಎದುರು ಹಾಗೆ ಅಂದುಬಿಟ್ಟಿದ್ದೆ. ಅವರು ಎದ್ದುಬಿಟ್ಟರು.

ಬಸ್ ಸ್ಟಾಪಿನಲ್ಲಿ ನಿಂತಾಗ ಹೇಳಿದರು:

"ನನ್ಗೆ ಎಲ್ಲಾ ಅರ್ಧಂಬರ್ದನೇ. ಇನ್ನೇನು ಬುಡು."

ಬಸ್ಸು ಬಂತು, ಇಬ್ಬರೂ ಹತ್ತಿದೆವು.

ಅದಾದ ಮೇಲೆ ಕಂಪ್ಯೂಟರಿನ ಮುಚ್ಚಳ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಅವರು ಅದರ ಮೇಲೆ ಒಂದು ಟವೆಲು ಹೊದಿಸಿದ್ದರು. ವಿಡಿಯೋ ನೋಡುವುದೂ ನಿಂತಿತು.

ಒಂದು ದಿನ ಡೈರಿ ಕೆಲಸ ಮುಗಿಸಿ, ಅವರಿಗೆ ಹೇಳದೆ ರಾಬರ್ಟ್‌ಸನ್‌ಪೇಟೆಗೆ ಹೋದೆ. ಅಲ್ಲಿ ಹಳೆಯ ಕಂಪ್ಯೂಟರು ರಿಪೇರಿ ಮಾಡುವ ಅಂಗಡಿಯಿದೆ ಅಂತ ತಂಗಿಯ ಗಂಡ ಹೇಳಿದ್ದ. ಅಂಗಡಿಯವರು ನಡುವಯಸ್ಸಿನವರು, ಒಬ್ಬ ಗಿರಾಕಿಗೆ ತೆಲುಗಿನಲ್ಲಿ ಮಾತಾಡುತ್ತಾ ಇನ್ನೊಬ್ಬರಿಗೆ ತಮಿಳಿನಲ್ಲಿ ಬಿಲ್ ಹೇಳುತ್ತಿದ್ದರು. ನನ್ನ ಸರದಿ ಬಂದಾಗ ಅವರೂ ಅದನ್ನೇ ಕೇಳಿದರು, ಮಗನಿಗಾ ಅಂತ.

"ಮಗನಿಗಲ್ಲ. ನಮ್ಮನೆಯೋರ್ಗೆ," ಅಂದೆ. "ಟ್ಯಾಂಕರ್ ಓಡಿಸ್ತಿದ್ರು. ಕಣ್ಣಿಗೆ ಏಟಾಗಿ ಈಗ ಆಗಲ್ಲ. ಲಾರಿ ಆಟ ಆಡಬೇಕು ಅಂತ ಆಸೆ."

ಹೊರಗಿನವರ ಎದುರಿಗೆ ನಾನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಂಗಡಿಯವರು ಕೈಯಲ್ಲಿದ್ದ ಕೆಲಸ ಕೆಳಗಿಟ್ಟರು. ಡಬ್ಬದ ಅಳತೆ ಕೇಳಿದರು, ವಾಟ್ ಕೇಳಿದರು. ಆಮೇಲೆ ಅಲ್ಲಿಯವರೆಗೆ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದರು, ಮಾನಿಟರ್ ಎಂಥದ್ದು ಅಂತ. ಚೌಕದ್ದು, ಹಳೇದು ಅಂದೆ. ಹಾಗಾದರೆ ದೊಡ್ಡ ಕಾರ್ಡು ತಗೊಂಡರೂ ದಂಡ, ಆ ಪರದೆಗೆ ತುಂಬಿಸಬೇಕಾದ ಚಿತ್ರವೇ ಸಣ್ಣದು, ಸಣ್ಣ ಕಾರ್ಡು ಆರಾಮಾಗಿ ತುಂಬಿಸುತ್ತೆ ಅಂದರು. ಯಾವುದೋ ಆಫೀಸಿನಿಂದ ಬಂದಿದ್ದ ಒಂದು ಕಾರ್ಡು ತೆಗೆದರು. ನನ್ನ ಅಂಗೈಗಿಂತ ಸ್ವಲ್ಪ ಉದ್ದ, ಒಂದೇ ಫ್ಯಾನು, ಬೇರೆ ಪವರ್ ವೈರು ಬೇಡ. ಅದಕ್ಕಿದ್ದ ಉದ್ದನೆಯ ತಗಡಿನ ಪಟ್ಟಿ ಬಿಚ್ಚಿ, ನಮ್ಮ ಡಬ್ಬಕ್ಕೆ ಕೂರುವ ಗಿಡ್ಡ ಪಟ್ಟಿ ಹಾಕಿದರು. ಇದನ್ನು ಅರ್ಧ ಎತ್ತರದ ಕಾರ್ಡು ಅಂತಾರೆ ಅಂದರು. ಅರ್ಧ ಅನ್ನುವ ಮಾತು ಕೇಳಿ ನನಗೆ ಬಸ್ ಸ್ಟಾಪಿನಲ್ಲಿ ಇವರು ಹೇಳಿದ್ದು ನೆನಪಾಯಿತು. ಸರಿಹೋಗದಿದ್ದರೆ ವಾಪಸ್ ತನ್ನಿ, ಅವರನ್ನೂ ಕರೆದುಕೊಂಡು ಬನ್ನಿ, ನಾನೂ ಆ ಆಟ ಆಡ್ತೀನಿ ಅಂತ ಕಳಿಸಿಕೊಟ್ಟರು.

ಮನೆಗೆ ಬಂದು ಪೊಟ್ಟಣವನ್ನು ಅವರ ಮುಂದಿಟ್ಟೆ. ನೋಡಿದರು, ಮುಟ್ಟಲಿಲ್ಲ. ನಾನು ಮಾನಿಟರಿನ ವಿಷಯ ಹೇಳಿದೆ. ಚಾಂಪಿಯನ್ ರೀಫ್ಸ್‌ನ ಕಾರ್ಡು ಇದ್ದರೂ ನಮ್ಮ ಪರದೆಯ ಮೇಲೆ ಅದರ ಬಲವೆಲ್ಲ ಸುಮ್ಮನೆ ಇರುತ್ತಿತ್ತಂತೆ ಅಂದೆ. ಬೇರೆ ಪವರ್ ವೈರು ಬೇಡವಂತಾ ಅಂತ ಕೇಳಿದರು. ಬೇಡವಂತೆ ಅಂದೆ. ಎದ್ದು ಟವೆಲು ತೆಗೆದರು.

ಕಾರ್ಡನ್ನು ಅವರೇ ಕೂರಿಸಿದರು. ಬೋರ್ಡಿನಲ್ಲಿ ಅದಕ್ಕೊಂದು ಸಂದು, ಆ ಸಂದಿಗೆ ಕಾರ್ಡಿನ ಅಂಚು ನೇರ ಇಳಿಯಬೇಕು. ಮೊದಲ ಸಲ ಪಕ್ಕಕ್ಕೆ ಹೋಯಿತು. ಮತ್ತೊಂದು ಸಲವೂ ಹೋಯಿತು. ನಾನು ಟಾರ್ಚು ಹಿಡಿದ ಕೈಯನ್ನು ಅಲ್ಲಾಡಿಸಲಿಲ್ಲ, ಇನ್ನೊಂದು ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಅವರು ನೋಡುವುದನ್ನು ಬಿಟ್ಟು, ಎಡಗೈ ಬೆರಳಿನಿಂದ ಸಂದನ್ನು ತಡವಿ ಹಿಡಿದು, ಬೆರಳಿಗೆ ತಾಗಿಸಿಕೊಂಡೇ ಕಾರ್ಡನ್ನು ಇಳಿಸಿದರು. ಟಕ್ಕೆಂದು ಕೊಕ್ಕೆ ಬಿತ್ತು.

"ಕೂತ್ಕಂತು," ಅಂದರು.

ಲಾರಿ ಓಡಿತು. ಹಾರದೆ, ನಿಲ್ಲದೆ, ರಸ್ತೆ ರಸ್ತೆಯ ಹಾಗೆ ಬಂತು. ಆಟದ ಸೆಟ್ಟಿಂಗಿನಲ್ಲಿ ಮರಗಳ ನೆರಳು ಹಾಕಿದರೆ ಲಾರಿ ತಡವರಿಸುತ್ತಿತ್ತು, ಆದ್ದರಿಂದ ನೆರಳು ತೆಗೆದರು. ಮಳೆ ಹನಿ ಇರಲಿಲ್ಲ, ದೂರದ ಮರಗಳು ಹಸಿರು ಬಣ್ಣ ಬಳಿದ ಹಾಗಿದ್ದವು. ಅವರು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಮಾನು ಮುಟ್ಟಿಸಿ, ಲಾರಿಯನ್ನು ಹಿಂದಕ್ಕೆ ತೆಗೆದು, ಗೆರೆಯ ಒಳಗೆ ನಿಲ್ಲಿಸಿದರು. ಆಮೇಲೆ ಎದ್ದು ಹಾಲು ಕರೆಯಲು ಹೋದರು.

ಇಡೀ ದಿನ ಅದರ ಮುಂದೆ ಕೂರುತ್ತಾರೇನೋ ಅಂತ ನಾನು ಹೆದರಿದ್ದೆ. ಹಾಗಾಗಲಿಲ್ಲ. ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ ಸ್ವಲ್ಪ ಹೊತ್ತು ಓಡಿಸುತ್ತಾರೆ. ಕೆಲವು ದಿನ ಮುಟ್ಟುವುದೇ ಇಲ್ಲ. ಕ್ಯಾನಿನಿಂದ ಹಾಲು ಬಗ್ಗಿಸುವಾಗ ಈಗ ಪಾತ್ರೆಯ ಅಂಚನ್ನು ಬೆರಳಿನಲ್ಲಿ ಹಿಡಿದುಕೊಂಡೇ ಬಗ್ಗಿಸುತ್ತಾರೆ. ಚೆಲ್ಲುವುದು ಕಡಿಮೆಯಾಗಿದೆ. ಟ್ಯಾಂಕರ್ ನಮ್ಮೂರಿಗೆ ಬಂದಾಗ ಮೊದಲೆಲ್ಲ ಮನೆಯೊಳಗೇ ಇರುತ್ತಿದ್ದವರು, ಈಗ ಡೈರಿ ಹತ್ತಿರ ಬಂದು ಡ್ರೈವರ್ ಜೊತೆ ಟೀ ಕುಡಿಯುತ್ತಾರೆ. ಕಾರ್ಡಿನಿಂದಲೇ ಹೀಗಾಯಿತು ಅಂತ ನಾನು ಹೇಳಲಾರೆ. ಕಾಲವೂ ಕಳೆದಿತ್ತು.

ಒಂದು ಸಂಜೆ ನನ್ನನ್ನು ಕರೆದು ಕೂರಿಸಿದರು. ಇಷ್ಟು ವರ್ಷ ಡ್ರೈವರ್ ಹೆಂಡತಿಯಾಗಿದ್ದರೂ ನಾನು ಒಂದು ಸೈಕಲ್ಲೂ ತುಳಿದವಳಲ್ಲ. ಅವರು ನನ್ನ ಹಿಂದೆ ನಿಂತು ಹೇಳುತ್ತಾ ಹೋದರು, ಇದು ಎಕ್ಸಲೇಟರ್, ಇದು ಬ್ರೇಕು, ತಿರುವಿಗೆ ಮುಂಚೆಯೇ ನಿಧಾನ ಮಾಡು ಅಂತ. ನಾನು ತಿರುವಿಗೆ ಬಂದು ಗಾಬರಿಯಾಗಿ ಲಾರಿಯನ್ನು ನೇರ ಒಂದು ಹೊಲಕ್ಕೆ ನುಗ್ಗಿಸಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಭುಜ ಹಿಡಿದುಕೊಂಡು, ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕರು.

"ಯಾರ ಒಲಾನೋ ಏನೋ ಕಣೇ," ಅಂದರು. "ರಿವರ್ಸ್ ಆಕು. ಮೆಲ್ಲಗೆ. ನಾನು ಏಳ್ಕೊಡ್ತೀನಿ, ಬಾ."

ಅವರು ಹೇಳಿದ ಹಾಗೆ ಮೆಲ್ಲಗೆ ಹಿಂದಕ್ಕೆ ತೆಗೆದೆ. ಲಾರಿ ಮತ್ತೆ ರಸ್ತೆಗೆ ಬಂತು.