ವೈನಿ ಬಿಟ್ಟು ಬಂದ ವಾಕ್ಯ

ನಮ್ಮ ವೈನಿ ಸುರೇಬಾನದಿಂದ ಅಣ್ಣನನ್ನು ಮದುವೆಯಾಗಿ ಬಂದಾಗ ಟ್ರಂಕಿನ ತಳದಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿ ಇತ್ತು. ಇಂಗ್ಲೀಷ್ ಒಂದೇ ನಪಾಸು. ತೊಂಬತ್ತರ ದಶಕದ ಕೊನೆಗೆ ನಮ್ಮೂರ ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ ಬೇಕಾಗಿದ್ದರು. ಅಕ್ಟೋಬರ್ ಪರೀಕ್ಷೆಯಲ್ಲಿ ಆ ಒಂದು ವಿಷಯ ದಾಟಿದರೆ ಕೆಲಸ ವೈನಿಗೇ ಎಂದು ಅಪ್ಪ ಹೇಳಿದರು. ವೈನಿ ಅಂದಿನಿಂದಲೇ ಮಕ್ಕಳ ಹಾಡು ಗುನುಗತೊಡಗಿದರು. ಕಲಿಸುವ ಭಾರ ನನ್ನ ಮೇಲೆ ಬಿತ್ತು. ಆಗ ನಾನು ಕಾಲೇಜಿನ ಮೊದಲ ವರ್ಷ. ಸೊಕ್ಕಿಗೇನೂ ಕೊರತೆ ಇರಲಿಲ್ಲ.

ಪಾಠವೆಲ್ಲ ಒಲೆಯ ಮುಂದೆಯೇ. ವೈನಿ ರೊಟ್ಟಿ ಬಡಿಯುತ್ತಿದ್ದರು, ನಾನು ಗೋಡೆಗೆ ಒರಗಿ ಕುಳಿತು ಕರ್ತೃಪದ ಹೇಳುತ್ತಿದ್ದೆ. ಅವರು ಕ್ರಿಯಾಪದ ಸೇರಿಸಬೇಕು. ನಾನು ‘ಐ’ ಅಂದರೆ ಅವರು ‘ಗೋ’, ನಾನು ‘ಶೀ’ ಅಂದರೆ ಅವರು ‘ಗೋಸ್’. ನಾನು, ನೀನು ಬಿಟ್ಟು ಬೇರೆ ಯಾರೇ ಒಬ್ಬರಿದ್ದರೂ ಕ್ರಿಯಾಪದಕ್ಕೆ ಎಸ್ ಹತ್ತುತ್ತದೆ ಎಂದಾಗ ಅವರ ಕೈ ನಿಂತಿತು.

“ಹಂಗಾರ ಮಾವಾರಿಗೂ ಎಸ್ ಹಚ್ಚೂದ? ಅವರು ಬರ್ತಾರ ಅಂತೀವಿ, ಬರ್ತಾನ ಅಂತೀವೇನ?”

“ಇಂಗ್ಲೀಷಿನಾಗ ಅಪ್ಪಗೂ ಅಷ್ಟ, ನಮ್ಮ ಎತ್ತಿಗೂ ಅಷ್ಟರಿ ವೈನಿ!”

ಪಡಸಾಲೆಯಲ್ಲಿ ಅಪ್ಪ ಕೆಮ್ಮಿದರು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು.

ನಗು ಆ ಒಂದು ದಿನದ್ದು; ನಾನು ಬೈದದ್ದಕ್ಕೆ ಲೆಕ್ಕವೇ ಇಲ್ಲ. “ಎಷ್ಟ ಸಲ ಹೇಳಬೇಕ್ರಿ!” ಎಂದು ನೋಟುಬುಕ್ಕನ್ನು ನೆಲಕ್ಕೆ ಬಡಿದದ್ದೂ ಉಂಟು. ವೈನಿ ಸಿಟ್ಟಾಗದೆ ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ನನ್ನ ಕಡೆ ಸರಿಸುತ್ತಿದ್ದರು.

ಒಂದು ತೊಡಕಿತ್ತು. ಅಣ್ಣನದು ಓಣಿಗೆ ನಾಲ್ಕು ಮಂದಿಗಿರುವ ಹೆಸರು, ಅಭ್ಯಾಸ ಪುಸ್ತಕದ ವಾಕ್ಯಗಳಲ್ಲೂ ಬರುತ್ತಿತ್ತು. ಗಂಡನ ಹೆಸರು ಹೇಳಿದರೂ ಬರೆದರೂ ಆತನ ಆಯುಷ್ಯ ಕಡಿಮೆಯಾಗುತ್ತದೆಂದು ವೈನಿ ನಂಬಿದ್ದರು. ಆ ಹೆಸರು ಬಂದರೆ ತಲೆ ತಗ್ಗಿಸಿ ಸುಮ್ಮನಾಗುತ್ತಿದ್ದರು. ಪಾಪ ಅನಿಸಿ ನಾನು ಆ ಸಾಲನ್ನು ದಾಟಿ ಮುಂದಿನದಕ್ಕೆ ಹೋಗುತ್ತಿದ್ದೆ.

ಪರೀಕ್ಷೆ ಸವದತ್ತಿಯಲ್ಲಿ. ಸಂಜೆ ಬಸ್ಸಿನಿಂದ ಇಳಿದ ವೈನಿಯ ಮುಖ ಸಪ್ಪಗಿತ್ತು.

“ಒಂದ ವಾಕ್ಯ ಬಿಟ್ಟ ಬಂದೆ,” ಅಂದರು. “ಕ್ರಿಯಾಪದ ಗೊತ್ತಿತ್ತು. ಆದ್ರ ಪೂರ್ತಿ ವಾಕ್ಯ ಬರೀರಿ ಅಂದಿದ್ರು. ಮೊದಲಿಗೇ ಇವರ ಹೆಸರು.”

ಒಂದೇ ಅಂಕಕ್ಕೆ ನಪಾಸಾದರು. ಕೆಲಸ ಕೆಳಗಿನ ಓಣಿಯ ಸೊಸೆಯ ಪಾಲಾಯಿತು. ಅಣ್ಣ ಹಣೆ ಚಚ್ಚಿಕೊಂಡ. “ಹೆಸರ ಬರದ್ರ ನಾ ಏನ್ ಸತ್ತ ಹೋಗ್ತಿದ್ನೇನ?” ಎಂದ. ಆಮೇಲೆ ತಾನೇ ನೋಟುಬುಕ್ಕಿನಲ್ಲಿ ತನ್ನ ಹೆಸರು ಬರೆದು, ಅದರ ಕೆಳಗೆ ವೈನಿಯಿಂದಲೂ ಅದನ್ನೇ ಬರೆಸಿದ.

ಮುಂದಿನ ಏಪ್ರಿಲ್‌ನಲ್ಲಿ ವೈನಿ ಪಾಸಾದರು. ಕೆಲಸವಂತೂ ಇರಲಿಲ್ಲ, ಆದರೂ ಮನೆಮನೆಗೆ ಹೋಗಿ ಸಕ್ಕರೆ ಹಂಚಿದರು. ಸಂಜೆ ಎಂದಿನಂತೆ ನಾನು ಗೋಡೆಗೆ ಒರಗಿ ಕುಳಿತಿದ್ದೆ. ರೊಟ್ಟಿಯನ್ನು ನನ್ನ ಕಡೆ ಸರಿಸುತ್ತ ವೈನಿ ಮೆಲ್ಲಗೆ ಕೇಳಿದರು.

“ಎಲ್ಲಾದಕ್ಕೂ ಬೈತಿದ್ದಿ. ಇವರ ಹೆಸರಿದ್ದ ಆ ಸಾಲಿಗೊಂದ ಯಾಕ ಬೈಲಿಲ್ಲ? ನೀ ಬೈದಿದ್ರ ಬರೀತಿದ್ನಲ್ಲ.”

ನಾನು ರೊಟ್ಟಿ ಮುರಿಯದೆ ಕುಳಿತೆ.