ಹೊಗೆ ವಾಸನೆಯ ಏಳನೇ ನಂಬರ್ ಬಸ್ಸು

ಬೆಳಗಿನ ಐದೂಮುಕ್ಕಾಲು. ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಡೆಲ್ಫಿನ್ ಓಕಿಮಾ ಮನೆಯ ಹೊರಗೋಡೆಯ ಪ್ಲಗ್ಗಿನಿಂದ ಬಸ್ಸಿನ ಎಂಜಿನ್ನಿಗೆ ಎಳೆದಿದ್ದ ವೈರನ್ನು ಕಿತ್ತು, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಈ ವೈರು ಎಂಜಿನ್ನನ್ನು ಬೆಚ್ಚಗಿಡದಿದ್ದರೆ ಬೆಳಿಗ್ಗೆ ಅದು ಬರೀ ಕಬ್ಬಿಣದ ಮುದ್ದೆ. ಆಮೇಲೆ ಅವರು ಬಸ್ಸಿಗೆ ಒಂದು ಸುತ್ತು ಬರುತ್ತಾರೆ. ಆರೂ ಗಾಲಿಗಳಿಗೆ ಒಂದೊಂದು ಒದೆ ಕೊಡುತ್ತಾರೆ, ದೀಪಗಳ ಮೇಲಿನ ಹಿಮ ಕೆರೆಯುತ್ತಾರೆ, ಹಿಂಬಾಗಿಲನ್ನು ಎಳೆದು ನೋಡುತ್ತಾರೆ. ಪೂರ್ವದಲ್ಲಿ ತೆಳುವಾದ ಕಿತ್ತಳೆ ಬಣ್ಣದ ಗೆರೆ ಮೂಡುವಷ್ಟರಲ್ಲಿ ಏಳನೇ ನಂಬರಿನ ಹಳದಿ ಬಸ್ಸು ಹೊಗೆ ಕಾರುತ್ತಾ ರಸ್ತೆಗೆ ಬಿದ್ದಿರುತ್ತದೆ.

ಮೊದಲ ನಿಲ್ದಾಣದಲ್ಲಿ ಐದು ವರ್ಷದ ಟ್ರೆಂಟ್ ಒಬ್ಬನೇ ನಿಂತಿದ್ದಾನೆ. ಬಾಗಿಲು ತೆರೆಯುತ್ತದೆ, ಡೆಲ್ಫಿನ್ ಕ್ರೀ ಭಾಷೆಯಲ್ಲಿ ನಮಸ್ಕಾರ ಹೇಳುತ್ತಾರೆ.

"ತಾನ್ಸಿ, ಮಗಾ. ಎಡಗಾಲಿನ ಬೂಟು ಬಲಕ್ಕೆ ಹಾಕಿದೀಯಲ್ಲೋ. ಹಿಂದಕ್ಕೆ ನಡೀತೀಯಾ ಹೆಂಗೆ?"

"ಇಲ್ಲ ಆಂಟಿ, ಬೂಟ್ ಸರಿ ಇದೆ. ಕಾಲೇ ತಿರುಗ್ಬಿಟ್ಟಿದೆ."

"ಹಂಗಾದ್ರೆ ಸರಿ, ಹತ್ತು."

ಮೂಲನಿವಾಸಿಗಳಾದ ನಮ್ಮ ಕ್ರೀ ಜನರಿಗೆಂದು ಸರ್ಕಾರ ಬಿಟ್ಟ ರೆಡ್ ವಿಲೋ ರಿಸರ್ವ್‌ನಲ್ಲಿ ಐದನೇ ತರಗತಿ ದಾಟಿದರೆ ಶಾಲೆಯಿಲ್ಲ. ಚಿಕ್ಕವರಲ್ಲೂ ಅರ್ಧದಷ್ಟು ಮಕ್ಕಳು ಹಾರ್ಲನ್ ಪಟ್ಟಣದ ಶಾಲೆಗೇ ಹೋಗುತ್ತಾರೆ. ಹದಿನೇಳು ನಿಲ್ದಾಣ, ಇಪ್ಪತ್ತೆಂಟು ಮಕ್ಕಳು, ನಲವತ್ತಾರು ಕಿಲೋಮೀಟರ್. ಮಕ್ಕಳನ್ನು ಇಳಿಸಿ ಖಾಲಿ ಬಸ್ಸಿನಲ್ಲಿ ವಾಪಸ್ಸು, ಮಧ್ಯಾಹ್ನ ಮತ್ತೆ ಹೋಗಿ ಬರುವುದು. ಇಪ್ಪತ್ತೆರಡು ವರ್ಷಗಳಿಂದ ಡೆಲ್ಫಿನ್ ಇದನ್ನು ಮಾಡುತ್ತಿದ್ದಾರೆ. ಲೆಕ್ಕ ಹಾಕಿದರೆ ಏಳೂವರೆ ಲಕ್ಷ ಕಿಲೋಮೀಟರ್ ದಾಟುತ್ತದೆ. ನನ್ನ ಇಬ್ಬರು ಮಕ್ಕಳೂ ಇದೇ ಬಸ್ಸಿನಲ್ಲಿ ಹೋಗಿ ಓದಿ ಬಂದವರು. ಅಷ್ಟು ವರ್ಷವೂ ನಾನು ಕಿಟಕಿಯಿಂದ ಕೈ ಬೀಸಿದ್ದೆನೇ ಹೊರತು ಬಸ್ಸಿನೊಳಗೆ ಏನು ನಡೆಯುತ್ತದೆಂದು ಕೇಳಿದವಳಲ್ಲ. ಇವತ್ತು ಅದನ್ನು ನೋಡಲೆಂದೇ ನಾನೂ ಹತ್ತಿದ್ದೇನೆ.

ಚಾಲಕರ ಸೀಟಿನ ಮೇಲ್ಭಾಗದಲ್ಲಿ ಒಂದು ಕಾಗದ ಅಂಟಿಸಿದೆ. ಪ್ರತಿ ಸೋಮವಾರ ಅದರಲ್ಲಿ ಹೊಸದೊಂದು ಕ್ರೀ ಪದ. ಈ ವಾರದ್ದು 'ಕಿಸಿನಾವ್', ಚಳಿ ಕೊರೆಯುತ್ತಿದೆ ಎಂದರ್ಥ. ಹಳ್ಳದ ಸೇತುವೆಯಿಂದ ಪಟ್ಟಣದ ಗಡಿಯ ತನಕ ಬಸ್ಸಿನಲ್ಲಿ ಇಂಗ್ಲಿಷ್ ಆಡುವಂತಿಲ್ಲ. ತಪ್ಪಿದವರು ಹಾಡಬೇಕು. ಇವತ್ತು ಸೇತುವೆ ದಾಟಿದ ಕೂಡಲೇ ಆರನೇ ತರಗತಿಯ ಹುಡುಗಿಯೊಬ್ಬಳು ಸಿಕ್ಕಿಬೀಳುತ್ತಾಳೆ.

"ಬೇಡ ಆಂಟಿ, ಅವಳು ಹಾಡೋದು ಬೇಡ," ಎಂದು ನಾಲ್ಕೈದು ದನಿಗಳು ಒಟ್ಟಿಗೆ ಬೇಡಿಕೊಳ್ಳುತ್ತವೆ. "ಹೋದ್ ಸಲ ಹಾಡಿದ್ದಕ್ಕೇ ತೋಳಗಳು ಊರು ಬಿಟ್ಟು ಹೋದ್ವು."

ಡೆಲ್ಫಿನ್‌ಗೆ ಕ್ರೀ ತಾಯಿಯಿಂದ ಬಂದದ್ದಲ್ಲ. ಅವರ ತಾಯಿಯನ್ನು ಆರನೇ ವಯಸ್ಸಿಗೆ ಸರ್ಕಾರದವರು ವಸತಿ ಶಾಲೆಗೆ ಎತ್ತಿಕೊಂಡು ಹೋಗಿದ್ದರು. ಅಲ್ಲಿ ಮನೆಮಾತು ಬಾಯಿಗೆ ಬಂದರೆ ಬೆಲ್ಟಿನ ಏಟು. ಆಕೆ ದೊಡ್ಡವರಾಗಿ ಮಕ್ಕಳನ್ನು ಹೆತ್ತ ಮೇಲೆ, ಆ ಏಟು ಮಕ್ಕಳಿಗೂ ಬೀಳದಿರಲೆಂದು ಒಂದು ಪದವನ್ನೂ ಕಲಿಸಲಿಲ್ಲ. "ಅಮ್ಮ ಅಪ್ಪ ಬಾಗಿಲು ಹಾಕ್ಕೊಂಡು ಕ್ರೀ ಮಾತಾಡೋರು," ಎನ್ನುತ್ತಾರೆ ಡೆಲ್ಫಿನ್. "ನಾವು ಬಾಗಿಲಿಗೆ ಕಿವಿ ಇಟ್ಕೊಂಡು ನಿಂತಿರ್ತಿದ್ವಿ. ನಾನು ಕಲಿತಿದ್ದು ನಲವತ್ತು ದಾಟಿದ ಮೇಲೆ. ನಮ್ಮೂರಿನ ಅಜ್ಜಿ ಅಗಥಾ ಕಲಿಸಿದ್ಲು. ನನ್ನ ಉಚ್ಚಾರ ಕೇಳಿ ಅವಳು ನಕ್ಕೂ ನಕ್ಕೂ ಹಲ್ಲಿನ ಸೆಟ್ ಬೀಳಿಸ್ಕೊಂಡಿದ್ದೂ ಉಂಟು."

ಎಪ್ಪತ್ತರ ದಶಕದಲ್ಲಿ ಡೆಲ್ಫಿನ್ ಕೂಡ ಇದೇ ರಸ್ತೆಯಲ್ಲಿ ಹಾರ್ಲನ್ ಶಾಲೆಗೆ ಹೋದವರು. ಅಲ್ಲಿ ಅವರಿಗಿದ್ದ ಹೆಸರು ಕೊಳಕಿ. ಪಕ್ಕ ಕೂರುವ ಮೊದಲು ಹುಡುಗಿಯರು ಬೆಂಚು ಒರೆಸುತ್ತಿದ್ದರಂತೆ. ಹತ್ತು ವರ್ಷ ವಯಸ್ಸಾಗುವ ಹೊತ್ತಿಗೆ ಅವರು ಒಂದು ಉಪಾಯ ಹುಡುಕಿಕೊಂಡರು. ಶಾಲೆಗೆ ಹೊಸದಾಗಿ ಸೇರಿದವರಿಗೆಲ್ಲ, ನಾವು ಇಟಲಿಯವರು ಎಂದು ಹೇಳತೊಡಗಿದರು.

ಒಂದು ದಿನ ಅವರು ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದಿದ್ದರು. ಅಪ್ಪ ಅದನ್ನು ಹಿಡಿದುಕೊಂಡು ಯಾರದೋ ಟ್ರಕ್ಕಿನಲ್ಲಿ ಶಾಲೆಗೆ ಬಂದರು. ಕಾಲಲ್ಲಿ ಮನೆಯಲ್ಲೇ ಹೊಲಿದ ಚರ್ಮದ ಮೆಟ್ಟು, ಎದೆಯವರೆಗೆ ಎರಡು ಜಡೆ. ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತರು. ಪಕ್ಕದ ಹುಡುಗಿ, "ಯಾರೇ ಅದು?" ಎಂದಳು.

"ನಾನು ಹೇಳ್ದೆ, ಯಾರೋ, ನಮ್ಮನೆಗೆ ಸೌದೆ ತಂದು ಹಾಕೋನು ಅಂತ," ಎನ್ನುವಾಗ ಡೆಲ್ಫಿನ್ ರಸ್ತೆಯಿಂದ ಕಣ್ಣು ತೆಗೆಯುವುದಿಲ್ಲ. "ಅಪ್ಪಂಗೆ ಕೇಳಿಸ್ತು. ಅವರು ಡಬ್ಬಿ ಮೇಜಿನ ಮೇಲಿಟ್ಟು, ಆ ಹುಡುಗಿ ಕಡೆ ನೋಡಿ, 'ಹೌದಮ್ಮ, ಸೌದೆಯವನು' ಅಂದ್ಬಿಟ್ಟು ಹೋದ್ರು. ಸಾಯೋ ತನಕ ಆ ಮಾತು ಎತ್ತಲಿಲ್ಲ. ಬೈದಿದ್ರೆ ನಾನು ಯಾವಾಗ್ಲೋ ಮರೀತಿದ್ದೆ."

ಈ ಸಂಗತಿಯನ್ನು ಅವರು ನಲವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳುವಂತೆ ಮಾಡಿದ್ದು ಒಂದು ಜೊತೆ ಕೈಗವಸು.

ಎಂಟು ವರ್ಷದ ಹಿಂದಿನ ಮಾತು, ಜನವರಿ ತಿಂಗಳು. ಒಂಬತ್ತು ವರ್ಷದ ರೇಲಿನ್ ಸ್ಟ್ಯಾಂಡಿಂಗ್‌ವಾಟರ್ ಮಧ್ಯಾಹ್ನ ಬರಿಗೈಯಲ್ಲಿ ಬಸ್ಸು ಹತ್ತಿದಳು. ಬೆಳಿಗ್ಗೆ ಅವಳ ಕೈಯಲ್ಲಿ ಹೊಚ್ಚಹೊಸ ಕೈಗವಸುಗಳಿದ್ದದ್ದು ಡೆಲ್ಫಿನ್‌ಗೆ ನೆನಪಿತ್ತು. ಮೂಸ್ ಜಿಂಕೆಯ ಚರ್ಮವನ್ನು ಕೆರೆದು, ಕೊಳೆತ ಸ್ಪ್ರೂಸ್ ಮರದ ಹೊಗೆ ಕೊಟ್ಟು ಹದ ಮಾಡಿ, ಮೇಲೆ ನೀಲಿ ಮಣಿಗಳ ಹೂವು ಪೋಣಿಸಿ ಹೊಲಿದವು. ಹೊಲಿದವರು ರೇಲಿನ್‌ಳ ಕೊಹ್ಕುಮ್, ಎಂದರೆ ಅಜ್ಜಿ. ಡೆಲ್ಫಿನ್‌ಗೆ ಕ್ರೀ ಕಲಿಸಿದ ಅದೇ ಅಗಥಾ.

"ಕೈಗವಸು ಎಲ್ಲೇ?"

"ಕಳೆದ್ಹೋಯ್ತು."

ಡೆಲ್ಫಿನ್ ಮತ್ತೇನೂ ಕೇಳದೆ ತಮ್ಮವನ್ನೇ ಬಿಚ್ಚಿ ಕೊಟ್ಟರು. ಮರುದಿನ ಬೆಳಿಗ್ಗೆ ಶಾಲೆ ಗುಡಿಸುವ ವಾಲ್ಟರ್ ಎಂಬ ಮುದುಕ ಬಸ್ಸಿನ ಬಾಗಿಲಿಗೆ ಬಂದು ಒಂದು ಕಾಗದದ ಚೀಲ ಚಾಚಿದರು. "ನಿಮ್ ಕಡೆ ಮಕ್ಕಳದ್ದಿರಬೇಕು. ಕಸದ ಡಬ್ಬಿಲಿತ್ತು. ಇಂಥಾದ್ದನ್ನ ಕಸಕ್ಕೆ ಕಳಿಸೋಕೆ ನನಗೆ ಮನಸ್ಸು ಬರಲಿಲ್ಲ."

ನಡೆದದ್ದು ಆಮೇಲೆ ಬೇರೆ ಮಕ್ಕಳ ಬಾಯಿಂದ ತಿಳಿಯಿತು. ತರಗತಿಯಲ್ಲಿ ಒಬ್ಬ ಮೂಗು ಮುಚ್ಚಿಕೊಂಡಿದ್ದ. ಅವನನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ಸುಟ್ಟ ನಾಯಿಯ ವಾಸನೆ ಎಂದರಂತೆ. ಶಿಕ್ಷಕಿ ಯಾರನ್ನೂ ಗದರಲಿಲ್ಲ, ಕೈಗವಸುಗಳನ್ನು ಹೊರಗಿಡಲು ರೇಲಿನ್‌ಗೇ ಹೇಳಿದರು. ಅವಳು ಎದ್ದು ಹೋಗಿ ಕಸದ ಡಬ್ಬಿಯಲ್ಲಿಟ್ಟು ಬಂದಳು.

ಡೆಲ್ಫಿನ್ ಕೈಗವಸುಗಳನ್ನು ರೇಲಿನ್‌ಗೆ ಕೊಡಲಿಲ್ಲ, ಅಗಥಾ ಅಜ್ಜಿಗೂ ಹೇಳಲಿಲ್ಲ. ಮುಂದಿನ ಗಾಜಿನ ಕೆಳಗೆ ಬಿಸಿಗಾಳಿ ಬರುವ ಕಿಂಡಿಯ ಪಕ್ಕ ಅವನ್ನು ನೇತುಹಾಕಿದರು. ಬಿಸಿ ತಾಗಿ ಬಸ್ಸಿನ ತುಂಬ ಹೊಗೆಯ ಘಮ ಹರಡಿತು. ರೇಲಿನ್ ಮೂರು ದಿನ ಆ ಕಡೆ ನೋಡದೆ ಹತ್ತಿ ಇಳಿದಳು. ನಾಲ್ಕನೆಯ ದಿನ ಬಂದು ಪಕ್ಕದಲ್ಲಿ ನಿಂತಳು.

"ಅದನ್ನ ಯಾಕೆ ಅಲ್ಲಿ ಹಾಕಿದೀಯ ಆಂಟಿ?"

"ಬಸ್ಸು ಡೀಸೆಲ್ ನಾರುತ್ತೆ. ಇದು ಚೆನ್ನಾಗಿದೆ."

"ಅದು ನಂದು."

"ನಿಂದು ಕಳೆದ್ಹೋಯ್ತು ಅಂದ್ಯಲ್ಲ."

ಹುಡುಗಿ ಅತ್ತಳು. ಡೆಲ್ಫಿನ್ ಅವಳನ್ನು ಮೊದಲ ಸೀಟಿನಲ್ಲಿ ಕೂರಿಸಿ, ಬಸ್ಸನ್ನು ರಸ್ತೆಯಂಚಿಗೆ ನಿಲ್ಲಿಸಿ, ಸೌದೆಯವನ ಕಥೆ ಹೇಳಿದರು. ಹೇಳಿದ್ದು ರೇಲಿನ್‌ಗೆ, ಕೇಳಿಸಿಕೊಂಡದ್ದು ಇಡೀ ಬಸ್ಸು. ಕೊನೆಗೆ, "ನನಗೆ ಅಪ್ಪನ ಹತ್ರ ತಪ್ಪಾಯ್ತು ಅನ್ನೋಕೆ ಧೈರ್ಯ ಬರೋ ಹೊತ್ತಿಗೆ ಅಪ್ಪ ಇರಲಿಲ್ಲ. ನಿನ್ ಕೊಹ್ಕುಮ್ ಇದಾಳೆ," ಎಂದರು. ರೇಲಿನ್ ಕೈಗವಸು ಬಿಚ್ಚಿಕೊಂಡು ಹಾಕಿಕೊಂಡಳು. ಮುಂದಿನ ಸೋಮವಾರದ ಹೊತ್ತಿಗೆ ಬಸ್ಸಿನಲ್ಲಿ ಹನ್ನೊಂದು ಮಕ್ಕಳು ಹೊಗೆ ಚರ್ಮದ್ದು ಏನಾದರೊಂದು ತೊಟ್ಟಿದ್ದರು. ಪೆಟ್ಟಿಗೆಯ ತಳದಲ್ಲಿದ್ದ ತಾತನ ಮೆಟ್ಟುಗಳೂ ಹೊರಬಂದಿದ್ದವು.

ಏಳನೇ ನಂಬರ್ ಬಸ್ಸು ಕೊನೆಯ ಮೂರು ನಿಲ್ದಾಣಗಳಲ್ಲಿ ಬಿಳಿಯರ ಹೊಲಮನೆಗಳ ಮಕ್ಕಳನ್ನೂ ಹತ್ತಿಸಿಕೊಳ್ಳುತ್ತದೆ. ಅಲ್ಲಿನ ಒಬ್ಬ ತಾಯಿ, ಬಸ್ಸಿನ ವಾಸನೆಗೆ ಮಗಳಿಗೆ ತಲೆನೋವು ಬರುತ್ತದೆಂದು ದೂರು ಕೊಟ್ಟರು. ಬಸ್ಸುಗಳ ಉಸ್ತುವಾರಿ ನೋಡುವ ಗ್ಯಾರಿ ಒಂದು ಕಟ್ಟು ಪ್ಲಾಸ್ಟಿಕ್ ಚೀಲ ತಂದು ಡೆಲ್ಫಿನ್‌ರ ಮಡಿಲಲ್ಲಿಟ್ಟರು.

"ಹತ್ತುವಾಗ ಚರ್ಮದ ಸಾಮಾನೆಲ್ಲ ಇದರೊಳಗೆ ಹಾಕಿಸಿ. ಇಳಿದ ಮೇಲೆ ಕೊಡಿ. ಅಷ್ಟೇ."

"ಆಯ್ತು," ಎಂದರು ಡೆಲ್ಫಿನ್. "ಕೊನೇ ಸ್ಟಾಪಲ್ಲಿ ಹಂದಿ ಸಾಕೋ ಮನೆಯ ಅಣ್ಣತಮ್ಮ ಹತ್ತುತ್ತಾರೆ. ಕೊಟ್ಟಿಗೆಯಿಂದ ಸೀದಾ ಬರ್ತಾರೆ, ಪಾಪ, ಬೂಟ್ ಬದಲಾಯಿಸೋಕೆ ಟೈಮಿರಲ್ಲ. ಅವರ ಬೂಟಿಗೂ ನಾಲ್ಕು ಚೀಲ ಕೊಡಿ. ಎಲ್ಲರಿಗೂ ಒಂದೇ ದಿನ ಶುರು ಮಾಡೋಣ."

"ಅದೂ ಇದೂ ಒಂದೇನಾ?"

"ಅದನ್ನೇ ನಾನೂ ಕೇಳ್ತಿರೋದು."

ಮರುದಿನದಿಂದ ಬಸ್ಸಿಗೆ ಬೇರೆ ಚಾಲಕ ಬಂದ. ಡೆಲ್ಫಿನ್‌ರನ್ನು ಮನೆಯಲ್ಲೇ ಕೂರಿಸಿದರು. ಅಭ್ಯಾಸಬಲದಿಂದ ಐದು ಗಂಟೆಗೇ ಎಚ್ಚರವಾಗುತ್ತಿತ್ತಂತೆ. ಎದ್ದು ಕಿಟಕಿಯ ಬಳಿ ನಿಂತು, ತಮ್ಮ ಬಸ್ಸು ಇನ್ಯಾರದೋ ಕೈಯಲ್ಲಿ ಹಳ್ಳದ ತಿರುವು ದಾಟುವುದನ್ನು ನೋಡುತ್ತಿದ್ದರು. "ಆ ತಿರುವಲ್ಲಿ ಗೇರ್ ಇಳಿಸ್ಬೇಕು. ಅವನು ಇಳಿಸ್ತಾನೇ ಇರಲಿಲ್ಲ. ನನ್ನ ಜೀವ ಬಾಯಿಗೆ ಬರೋದು."

ಹನ್ನೆರಡನೆಯ ದಿನ ಸಂಜೆ ನಾಲ್ಕಕ್ಕೆ ಶಾಲಾ ಮಂಡಳಿಯ ಸಭೆ. ರಿಸರ್ವ್‌ನಿಂದ ಮೂವತ್ತಕ್ಕೂ ಹೆಚ್ಚು ಜನ ಹೋಗಿ ಗೋಡೆಗೆ ಒರಗಿ ನಿಂತಿದ್ದೆವು. ಗ್ಯಾರಿ ನಿಯಮ ಓದಿದರು. ದೂರು ಕೊಟ್ಟ ತಾಯಿಯೂ ಮಾತಾಡಿದರು, ತಾವು ಯಾರನ್ನೂ ದ್ವೇಷಿಸುವುದಿಲ್ಲ ಎಂದರು. ಅಷ್ಟರಲ್ಲಿ ರೇಲಿನ್ ಅಜ್ಜಿಯ ಪಕ್ಕದಿಂದ ಎದ್ದು ಹೋಗಿ ತನ್ನ ಕೈಗವಸುಗಳನ್ನು ಅಧ್ಯಕ್ಷೆಯ ಮುಂದಿನ ಮೇಜಿನ ಮೇಲಿಟ್ಟಳು.

"ಇದನ್ನ ನನ್ ಕೊಹ್ಕುಮ್ ಮಾಡಿದ್ದು," ಎಂದಳು. "ಚರ್ಮ ಹದ ಮಾಡೋಕೆ ಮೂರು ವಾರ ಹಿಡೀತು. ಕ್ಲಾಸಲ್ಲಿ ಎಲ್ಲರೂ ಮೂಗು ಮುಚ್ಕೊಂಡ್ರು. ಅದಕ್ಕೆ ನಾನು ಇದನ್ನ ಕಸದ ಡಬ್ಬಿಗೆ ಹಾಕ್ದೆ. ಕೊಹ್ಕುಮ್‌ಗೆ ಇನ್ನೂ ಹೇಳಿಲ್ಲ. ಈಗ ಹೇಳ್ತಿದೀನಿ. ಆಂಟಿ ಇದನ್ನ ಎತ್ತಿಟ್ಟಿದ್ಲು. ಚೀಲಕ್ಕೆ ಹಾಕು ಅಂದ್ರೆ ಮತ್ತೆ ಕಸಕ್ಕೆ ಹಾಕು ಅಂದ ಹಂಗೇ. ನಾನು ಹಾಕಲ್ಲ."

ಹೇಳಿ ಅವಳು ತಿರುಗಿದಳು. ಕೋಣೆಯಲ್ಲಿದ್ದವರೆಲ್ಲ ಅಗಥಾ ಅಜ್ಜಿಯ ಮುಖ ನೋಡುತ್ತಿದ್ದೆವು. ಅಜ್ಜಿ ಕ್ರೀಯಲ್ಲಿ, "ಎಡಗೈಯದ್ದು ಒಂಚೂರು ಬಿಗಿಯಾಗಿತ್ತು. ಅದಕ್ಕೇ ಎಸೆದಿರ್ತೀಯ. ಬಾ, ಬಿಚ್ಚಿ ಹೊಲಿದು ಕೊಡ್ತೀನಿ," ಎಂದರು.

ಗೋಡೆಗೆ ಒರಗಿದ್ದವರೆಲ್ಲ ನಕ್ಕೆವು, ಹಲವರು ಕಣ್ಣೊರೆಸಿಕೊಂಡೆವು. ಮೇಜಿನ ಆಚೆ ಕೂತವರಿಗೆ ಏನೂ ಅರ್ಥವಾಗಲಿಲ್ಲ. ಅವರಿಗೆ ಯಾರೂ ಬಿಡಿಸಿ ಹೇಳಲೂ ಇಲ್ಲ.

ಮುಂದಿನ ವಾರ ಡೆಲ್ಫಿನ್‌ಗೆ ಎರಡು ಸಾಲಿನ ಪತ್ರ ಬಂತು. ಏಳನೇ ನಂಬರ್ ಬಸ್ಸನ್ನು ಮತ್ತೆ ಅವರಿಗೇ ವಹಿಸಲಾಗಿದೆ ಎಂದಿತ್ತು. ಕ್ಷಮೆಯ ಮಾತಿರಲಿಲ್ಲ, ಚೀಲದ ಮಾತೂ ಇರಲಿಲ್ಲ. ದೂರು ಕೊಟ್ಟ ತಾಯಿ ಮಗಳನ್ನು ತಮ್ಮ ಕಾರಿನಲ್ಲೇ ಬಿಡತೊಡಗಿದರು. ಹಂದಿ ಸಾಕುವ ಮನೆಯ ಅಣ್ಣತಮ್ಮಂದಿರು ಮಾತ್ರ ಎಂದಿನಂತೆ ಬೂಟಿನ ಸಮೇತ ಹತ್ತಿದರು. ಆಗ ಹಳ್ಳದಿಂದ ಹೆದ್ದಾರಿವರೆಗೆ ಮಾತ್ರ ನಡೆಯುತ್ತಿದ್ದ ಕ್ರೀ ಆಟಕ್ಕೆ ತಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು. ಅವರ ಮನೆ ಹೆದ್ದಾರಿಯಾಚೆ ಇದ್ದದ್ದರಿಂದ ಅವರಿಗೋಸ್ಕರ ಆಟವನ್ನು ಪಟ್ಟಣದ ಗಡಿಯವರೆಗೆ ಎಳೆಯಬೇಕಾಯಿತು.

ಎಲ್ಲ ಸರಿಹೋಯಿತೆಂದು ಡೆಲ್ಫಿನ್ ಹೇಳುವುದಿಲ್ಲ. ಹೋದ ಅಕ್ಟೋಬರಿನಲ್ಲಿ ಯಾರೋ ಬಸ್ಸಿನ ಮೈಮೇಲಿನ ಧೂಳಿನಲ್ಲಿ ಬೆರಳಾಡಿಸಿ ಹೊಲಸು ಮಾತು ಬರೆದಿದ್ದರು. ಈಗಲೂ ಅಳುತ್ತಾ ಹತ್ತುವ ಮಕ್ಕಳಿದ್ದಾರೆ. ಅಂಥವರಿಗೆ ಅವರು ಉಪದೇಶ ಮಾಡುವುದಿಲ್ಲ, ಮೊದಲ ಸೀಟು ಕೊಡುತ್ತಾರೆ. ಒಂದು ತುಂಡು ಬ್ಯಾನಕ್ ರೊಟ್ಟಿಯನ್ನೂ ಕೊಡುತ್ತಾರೆ. ಆ ಸೀಟಿನ ಪಕ್ಕ ಈಗ ಹೆಚ್ಚಾಗಿ ಕೂರುವವಳು ರೇಲಿನ್. ಅವಳಿಗೆ ಹದಿನೇಳು, ಹನ್ನೆರಡನೇ ತರಗತಿ. ಅಜ್ಜಿಯ ಜೊತೆ ಸೇರಿ ಈ ಚಳಿಗಾಲದಲ್ಲಿ ನಾಲ್ಕು ಚರ್ಮ ಹದ ಮಾಡಿದ್ದಾಳೆ. ಶಾಲೆಯಲ್ಲಿ ವಾರಕ್ಕೊಂದು ದಿನ ಊಟದ ಬಿಡುವಿನಲ್ಲಿ ಮಣಿ ಪೋಣಿಸುವುದನ್ನು ಹೇಳಿಕೊಡುತ್ತಾಳೆ. ಹದಿನಾಲ್ಕು ಮಕ್ಕಳು ಬರುತ್ತಾರಂತೆ, ಅವರಲ್ಲಿ ಐವರು ಪಟ್ಟಣದವರು.

"ಈಗ್ಲೂ ಯಾರಾದ್ರೂ ಮೂಗು ಮುಚ್ಕೋತಾರಾ?" ಎಂದು ನಾನು ಕೇಳುತ್ತೇನೆ.

"ಮುಚ್ಕೋತಾರೆ," ಎನ್ನುತ್ತಾಳೆ ರೇಲಿನ್. "ಮುಚ್ಕೊಳ್ಳಲಿ. ಉಸಿರು ಎಷ್ಟು ಹೊತ್ತು ಹಿಡೀತಾರೆ?"

ಎಂಟು ಗಂಟೆಗೆ ಬಸ್ಸು ಶಾಲೆಯ ಮುಂದೆ ನಿಲ್ಲುತ್ತದೆ. ಮಕ್ಕಳು ಒಬ್ಬರ ಹಿಂದೊಬ್ಬರು ಇಳಿಯುತ್ತಾರೆ. ಡೆಲ್ಫಿನ್ ಪ್ರತಿಯೊಬ್ಬರ ಹೆಸರು ಹಿಡಿದು ಒಂದೊಂದು ಮಾತು ಆಡುತ್ತಾರೆ. ಕೊನೆಯ ಮಗು ಇಳಿದ ಮೇಲೆ ಎದ್ದು, ಯಾರಾದರೂ ಮಲಗಿಬಿಟ್ಟಿದ್ದಾರೋ ಎಂದು ಸೀಟು ಸೀಟೂ ನೋಡಿ ಬಂದು ಮತ್ತೆ ಕೂರುತ್ತಾರೆ. ಅವರಿಗೀಗ ಅರವತ್ತೊಂದು. ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ. ಏನಾದರೂ ಆಸೆ ಇದೆಯಾ ಎಂದು ಕೇಳಿದರೆ ಕನ್ನಡಿಯಲ್ಲಿ ಹಿಂದಿನ ಸೀಟುಗಳ ಕಡೆ ನೋಡುತ್ತಾರೆ.

"ಒಂದು ದಿನ ಬೇರೆ ಯಾರಾದ್ರೂ ಬಸ್ ಓಡಿಸ್ಬೇಕು, ನಾನು ಕೊನೇ ಸೀಟಲ್ಲಿ ಕೂತ್ಕೊಂಡು ಬರಬೇಕು. ದೊಡ್ಡ ಹುಡುಗ್ರೆಲ್ಲ ಅಲ್ಲೇ ಕೂರೋದು. ಕನ್ನಡಿಲಿ ಅವರ ಬಾಯಿ ಆಡೋದು ಕಾಣ್ಸುತ್ತೆ, ಎಂಜಿನ್ ಸದ್ದಿಗೆ ಒಂದಕ್ಷರ ಕೇಳಿಸಲ್ಲ. ಆಟ ಮುಗಿದ ಮೇಲೂ, ಯಾರೂ ಹೇಳದೇ ಇದ್ರೂ, ಅವರು ಅಲ್ಲಿ ಕ್ರೀನಲ್ಲಿ ಮಾತಾಡ್ಕೋತಾರಾ ಅಂತ ಒಂದ್ಸಲ ಕೇಳ್ಬೇಕು."

ಗೇರಿನ ಮೇಲೆ ಕೈಯಿಟ್ಟು ಅವರು ನಗುತ್ತಾರೆ.

"ನನ್ನನ್ನೇ ಬೈತಿದ್ರೂ ಪರವಾಗಿಲ್ಲ."